ನೇಪಾಳಕ್ಕೆ ಹೋದ ಒಂದು ಹಿಡಿ ಮಣ್ಣು

ಹುಣಸೂರು

ನಾನು ನೇಪಾಳಕ್ಕೆ ಹೊರಟಾಗ ನನ್ನ ಚೀಲದಲ್ಲಿ ಸೀರೆಗಳು, ಒಂದು ಶಾಲು, ಚಕ್ಕುಲಿ ಡಬ್ಬ, ಮತ್ತು ನನ್ನ ತಮ್ಮನ ಮನೆ ಹಾಳಾಗಲಿ ಎಂದು ಕಟ್ಟಿಕೊಟ್ಟ ಒಂದು ಹಿಡಿ ಮಣ್ಣು ಇದ್ದವು. ಚಕ್ಕುಲಿ ಕಾಶಿ ತಲುಪುವುದರೊಳಗೆ ಮುಗಿಯಿತು. ಮಣ್ಣಿನ ಕಥೆಯನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. "ಅಜ್ಜಿ, ಫಾರಿನ್ ಹೇಗಿತ್ತು?" ಎಂದು ನೀವು ಮಕ್ಕಳೆಲ್ಲ ಕೇಳಿದಿರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಬರೆಯುವಾಗ ಯಾರೂ ನೋಡುವುದಿಲ್ಲ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತದ್ದು ಇಷ್ಟಕ್ಕಾದರೂ ಬರಲಿ.

ನಮ್ಮ ಕಡೆ ಯಾತ್ರೆಗೆ ಹೊರಟವರು ಒಬ್ಬರೇ ಹೋಗುವುದಿಲ್ಲ. ಬೀದಿಯವರೆಲ್ಲ ತಮ್ಮ ತಮ್ಮ ಬೇಡಿಕೆಯನ್ನು ಅವರ ಮೇಲೆ ಹೊರಿಸುತ್ತಾರೆ. ವೀಳ್ಯದೆಲೆಯಲ್ಲಿ ಕಾಣಿಕೆ ಇಟ್ಟು, "ನಮ್ ಹೆಸ್ರಲ್ಲೂ ಒಂದ್ ಕೈ ಮುಗಿದ್ ಬನ್ನಿ" ಎನ್ನುತ್ತಾರೆ. ಒಬ್ಬರಿಗೆ ಮಂಡಿ ನೋವು. ಇನ್ನೊಬ್ಬರಿಗೆ ಈ ಸಲ ಹರಾಜಿನಲ್ಲಿ ಹೊಗೆಸೊಪ್ಪಿಗೆ ಒಳ್ಳೆಯ ರೇಟು ಸಿಗಬೇಕು. ಎದುರು ಮನೆಯಾಕೆಗೆ ಸೊಸೆ ಮಾತು ಕೇಳುವಂತಾಗಬೇಕು. ಅದೇ ಮನೆಯ ಸೊಸೆ ಆಮೇಲೆ ಹಿತ್ತಲ ಬಾಗಿಲಿಂದ ಬಂದು ಬೇರೆ ಬೇಡಿಕೆ ಕೊಟ್ಟು ಹೋದಳು. ನನಗೆ ಇಲ್ಲ ಎನ್ನಲು ಬರುವುದಿಲ್ಲ. ಎಲ್ಲವನ್ನೂ ಹೊತ್ತುಕೊಂಡೆ.

ಕೊನೆಗೆ ನನ್ನ ತವರಿನಿಂದ ಗೌರಮ್ಮ ಅತ್ತಿಗೆ ಬಂದರು. ತವರು ಎಂದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಪಕ್ಕದ ಹಳ್ಳಿ, ನೀವು ನೋಡಿದ್ದೀರಿ. ಅತ್ತಿಗೆ ನನ್ನ ಅಣ್ಣ ಮಾದಪ್ಪನ ಹೆಂಡತಿ. ಅಣ್ಣ ತೀರಿಕೊಂಡು ಕೆಲವು ವರ್ಷವಾಯಿತು. ನಾವು ಲಿಂಗ ಕಟ್ಟಿಕೊಳ್ಳುವವರು, ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಅಣ್ಣನನ್ನು ಅವನದೇ ಹೊಲದ ಅಂಚಿನಲ್ಲಿ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದ್ದರು. ಪಕ್ಕದ ಹೊಲ ನನ್ನ ತಮ್ಮ ಬಸವರಾಜುವಿನದು. ಟ್ರ್ಯಾಕ್ಟರ್ ತಿರುಗಿಸಲು ಜಾಗ ಸಾಲದು ಎಂದು ನಾನು ಹೊರಡುವ ಹಿಂದಿನ ವರ್ಷ ಅವನು ಎರಡು ಹೊಲದ ನಡುವಿನ ಗಡಿಕಲ್ಲನ್ನು ಕಿತ್ತು ಅತ್ತಿಗೆಯ ಹೊಲದ ಒಳಕ್ಕೆ ನೆಟ್ಟ. ಮೂರು ಮಾರು ಅಷ್ಟೆ. ಆದರೆ ಆ ಮೂರು ಮಾರಿನಲ್ಲಿ ಅಣ್ಣನ ಸಮಾಧಿ ಇತ್ತು. ಈಗ ಅಣ್ಣ ಕೂತಲ್ಲೇ ತಮ್ಮನ ಹೊಲಕ್ಕೆ ಸೇರಿಬಿಟ್ಟ. ಅತ್ತಿಗೆ ಗಂಡನಿಗೆ ದೀಪ ಹಚ್ಚಬೇಕಾದರೆ ಮೈದುನನ ಬೇಲಿ ದಾಟಬೇಕು. ಊರಿನ ಹಿರಿಯರು ಹೇಳಿ ನೋಡಿದರು. ಅಳತೆಯವನು ಬಂದ, ಟೀ ಕುಡಿದ, ಹೋದ. ಅತ್ತಿಗೆ ಮತ್ತು ಬಸವರಾಜು ಮಾತು ಬಿಟ್ಟರು.

"ಊರ್ ದೇವ್ರಿಗೆ ಹೇಳ್ದೆ. ಬೆಟ್ಟದ್ ಮಲ್ಲಪ್ಪಂಗೂ ಹೇಳ್ದೆ," ಎಂದರು ಅತ್ತಿಗೆ. "ಎಲ್ಲಾ ದೇವ್ರಿಗೂ ನಿನ್ ತಮ್ಮ ಗುರ್ತು. ವರ್ಷ ವರ್ಷ ಪೂಜೆ ಮಾಡಿಸ್ತಾನೆ, ಯಾವ್ ದೇವ್ರೂ ಅವನ್ ತಂಟೆಗೆ ಓಗಕಿಲ್ಲ. ಅವನ್ ಪರಿಚಯ ಇಲ್ದಿರೋ ದೇವ್ರು ಬೇಕು ಕಣೆ ಶಿವಮ್ಮ."

ಹಾಗೆ ಹೇಳಿ ಸೊಂಟದಿಂದ ಹಳದಿ ಬಟ್ಟೆಯ ಗಂಟು ತೆಗೆದರು.

"ನಿಮ್ಮಣ್ಣನ್ ಸಮಾದಿ ಅತ್ರದ್ ಮಣ್ಣು. ಪಶುಪತಿ ಮುಂದೆ ನಿಂತ್ಕೊಂಡು ತೂರು. 'ಕಲ್ಲು ಕಿತ್ತೋನ್ ಮನೆ ಇಂಗೇ ಮಣ್ಣಾಗ್ಲಿ' ಅನ್ನು."

"ಅತ್ತಿಗೆ, ಅವ್ನು ನನ್ ತಮ್ಮ."

"ಮಣ್ಣಾಗಿರೋನು ನಿನ್ ಅಣ್ಣ."

ಗಂಟು ಇಸಕೊಂಡೆ. ನೊಂದವರು ದೇವರ ಮುಂದೆ ಮಣ್ಣು ತೂರಿ ಶಾಪ ಹಾಕಿದರೆ ಅದು ತಟ್ಟಿಯೇ ತಟ್ಟುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನಾನೂ ನಂಬುತ್ತೇನೆ. ನಂಬದಿದ್ದರೆ ಈ ಕಥೆಯಲ್ಲಿ ನನಗೆ ಯಾವ ಕಷ್ಟವೂ ಇರಲಿಲ್ಲ.

ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಬಿಡಲು ಬಂದವನು ಬಸವರಾಜು. ನಿಮ್ಮ ತಾತ ಹೋದ ಮೇಲೆ ನಮ್ಮ ಹೊಲದ ಉಳುಮೆ ನೋಡಿಕೊಂಡವನು ಅವನು. ಒಂದು ಗೌರಿ ಹಬ್ಬಕ್ಕೂ ಸೀರೆ ತಪ್ಪಿಸಿದವನಲ್ಲ. ನನ್ನ ಚೀಲವನ್ನು ಹೆಗಲಿಗೇರಿಸಿಕೊಂಡ.

"ಏನಕ್ಕ ಇಷ್ಟ್ ಬಾರ? ಕಲ್ಲು ಗಿಲ್ಲು ತುಂಬ್ಕೊಂಡಿದ್ದೀಯ?"

"ಇಲ್ಲ ಕಣಪ್ಪ," ಎಂದೆ. ಕಲ್ಲಿನ ಮಾತು ಎತ್ತಿದವನು ಅವನೇ.

ಬಸ್ಸು ಹೊರಡುವ ಮುಂಚೆ ಕಿಟಕಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ: "ಅಕ್ಕ, ನನ್ ಮಗಳಿಗೆ ಮದ್ವೆ ಆಗಿ ಇಷ್ಟ್ ವರ್ಷ ಆಯ್ತು. ಒಂದ್ ಕೂಸು ಆಗ್ಲಿ ಅಂತ ಕೇಳು. ನೀನ್ ಕೇಳುದ್ರೆ ದೇವ್ರು ಇಲ್ಲ ಅನ್ನಕಿಲ್ಲ ಕಣಕ್ಕ." ಅವನ ಕಣ್ಣು ತುಂಬಿತ್ತು.

ಹೀಗೆ ಒಂದೇ ಚೀಲದಲ್ಲಿ ಎರಡು ಬೇಡಿಕೆ ಹೊರಟವು. ಒಂದು ಮನೆ ಮಣ್ಣಾಗಲಿ ಎಂದು, ಇನ್ನೊಂದು ಮನೆಯಲ್ಲಿ ತೊಟ್ಟಿಲು ಕಟ್ಟಲಿ ಎಂದು. ಎರಡೂ ಒಂದೇ ಮನೆ.

ಗಡಿ

ಕಾಶಿಯ ವಿಷಯ ಬರೆಯುವುದಿಲ್ಲ. ಅದು ನಮ್ಮ ದೇಶವೇ.

ವಿದೇಶಕ್ಕೆ ಹೋಗುವುದೆಂದರೆ ಏನಾದರೂ ದೊಡ್ಡದನ್ನು ದಾಟಬೇಕು ಎಂದುಕೊಂಡಿದ್ದೆ. ನಡೆದುಕೊಂಡು ಒಂದು ಗೇಟು ದಾಟಿದೆವು. ಗೇಟಿನ ಈಚೆ ಸೌತೆಕಾಯಿ ಮಾರುವವನಿದ್ದ, ಆಚೆಯೂ ಸೌತೆಕಾಯಿ ಮಾರುವವನಿದ್ದ. ನಮ್ಮ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಹಾಗೆಯೇ ಬಸ್ಸುಗಳು, ಧೂಳು, ಯಾವ ಬಸ್ಸು ಹತ್ತಬೇಕೆಂದು ತಿಳಿಯದೆ ನಿಂತ ಜನ. ನಮ್ಮ ಯಾತ್ರೆಯ ಗುಂಪಿನಲ್ಲಿ ಎಚ್.ಡಿ. ಕೋಟೆಯ ಒಬ್ಬ ರಿಟೈರ್ಡ್ ಮೇಷ್ಟ್ರಿದ್ದರು. ಅವರು ಒಂದು ಬಿಳಿ ಕಂಬ ತೋರಿಸಿ, "ನೋಡಿ, ಎರಡು ದೇಶದ ನಡುವಿನ ಗಡಿಕಲ್ಲು ಇದೇ" ಎಂದರು. ಉಳಿದವರು ಅದರ ಮುಂದೆ ಫೋಟೋ ತೆಗೆಸಿಕೊಂಡರು. ನಾನು ಬುಡ ನೋಡಿದೆ. ಯಾರೂ ಅಲ್ಲಾಡಿಸಿದ ಗುರುತಿರಲಿಲ್ಲ.

ಆ ದೇಶದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಗೇಟು ದಾಟಿದ ಕೂಡಲೇ ನಮ್ಮೆಲ್ಲರ ಕಾಲು ಗಂಟೆ ಹೋಯಿತು. ವಾಪಸ್ ಬರುವಾಗ ಕೊಡುತ್ತಾರೆ ಎಂದು ಮೇಷ್ಟ್ರು ಹೇಳಿದರು. ಹಾಗೆಯೇ ಕೊಟ್ಟರು. ಗಡಿಯಲ್ಲಿ ತೆಗೆದುಕೊಂಡದ್ದನ್ನು ತಕರಾರಿಲ್ಲದೆ ವಾಪಸ್ ಕೊಡುವುದನ್ನು ನಾನು ನೋಡಿದ್ದು ಅಲ್ಲೇ ಮೊದಲು.

ಚೀಲ ತಪಾಸಣೆ ಮಾಡುವ ಪೊಲೀಸಿನವನು ಸೀರೆಗಳ ಮಧ್ಯದಿಂದ ಹಳದಿ ಗಂಟನ್ನು ತೆಗೆದು ಬಿಚ್ಚಿದ. ಮೂಸಿ ನೋಡಿದ. "ಯೇ ಕ್ಯಾ ಹೈ?" ಎಂದ.

ನನಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಅವನು ಕನ್ನಡದಲ್ಲಿ ಕೇಳಿದ್ದರೂ ಉತ್ತರ ಬರುತ್ತಿರಲಿಲ್ಲ. ನನ್ನ ಹಿಂದೆ ಕೆ.ಆರ್. ನಗರದ ನಾಗರತ್ನಮ್ಮ ನಿಂತಿದ್ದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಅವರದು. ಎದ್ದಿರುವಷ್ಟು ಹೊತ್ತೂ ಮಾತಾಡುವ ಹೆಂಗಸು, ಟಿವಿ ನೋಡಿ ಹಿಂದಿ ಕಲಿತವರು. ಅವರು ಮುಂದೆ ನುಗ್ಗಿ, "ಭಗವಾನ್! ಗುರೂಜಿ ಕಾ ಮಿಟ್ಟಿ! ಬಹುತ್ ಪವರ್!" ಎಂದರು.

ಪೊಲೀಸಿನವನು ಟೋಪಿ ತೆಗೆದ. ಒಂದು ಚಿಟಿಕೆ ಮಣ್ಣನ್ನು ಹಣೆಗೆ ಹಚ್ಚಿಕೊಂಡ. ಗಂಟನ್ನು ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

"ನಾಗರತ್ನಮ್ಮೋರೆ, ಅದು..." ಎಂದೆ.

"ಸುಮ್ನಿರಿ ಶಿವಮ್ಮೋರೆ, ನಂಗ್ ಗೊತ್ತಾಯ್ತು. ಮಠದ್ ಗದ್ದುಗೆ ಮಣ್ಣು ತಾನೆ? ನಿಮ್ಮೋರು ಎಲ್ಲೋದ್ರೂ ಗುರುಗಳ್ ಸಮಾಧಿ ಮಣ್ಣು ಜೊತೆಗಿಟ್ಕೊಂಡೇ ಹೊರಡೋದು ಅಂತ ನಮ್ ಪಕ್ಕದ್ಮನೆಯೋರು ಹೇಳ್ತಿರ್ತಾರೆ. ಇಷ್ಟ್ ದಿನ ಜೊತೇಲಿದ್ದು ಒಂದ್ ಮಾತು ಹೇಳ್ಲಿಲ್ವಲ್ಲ ನೀವು!"

ಅಷ್ಟರಲ್ಲಿ ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾಲ್ಕು ಜನ ನೋಡಿದರೆ ನನಗೆ ಏನಾಗುತ್ತದೆ ಎಂದು ಆಗಲೇ ಬರೆದಿದ್ದೇನೆ.

ಬೆಟ್ಟದ ರಸ್ತೆ

ಪೊಖರಾಕ್ಕೆ ಹೋಗುವ ರಸ್ತೆ ಮಡಿಕೇರಿ ಘಾಟಿಯ ಹಾಗೆ ಶುರುವಾಗುತ್ತದೆ, ಆದರೆ ಮಡಿಕೇರಿಯ ಹಾಗೆ ಮುಗಿಯುವುದಿಲ್ಲ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ಎದುರಿನಿಂದ ಲಾರಿ ಬಂದರೆ ನಮ್ಮ ಡ್ರೈವರು ಸ್ಟೀರಿಂಗ್ ಬಿಟ್ಟು ಮೊದಲು ಹಣೆ, ಎದೆ ಮುಟ್ಟಿಕೊಳ್ಳುತ್ತಿದ್ದ. ರಸ್ತೆ ಪಕ್ಕದಲ್ಲಿ ಗುಡಿ ಕಂಡರೂ ಹಾಗೆಯೇ ಮಾಡುತ್ತಿದ್ದ. ಅಲ್ಲಿ ಗುಡಿಗಳು ಬಹಳ, ಲಾರಿಗಳೂ ಬಹಳ.

ನಾಗರತ್ನಮ್ಮನವರ ಮಾತು ಮೊದಲ ಸಲ ನಿಂತಿತು. ವಾಂತಿ. ನಿಂಬೆಹಣ್ಣು ಮೂಸಿದರು, ಮಾತ್ರೆ ನುಂಗಿದರು, ನಿಲ್ಲಲಿಲ್ಲ. ಕೊನೆಗೆ ನನ್ನ ಕಡೆ ಕೈ ಚಾಚಿದರು. "ಒಂದ್ ಚಿಟಿಕೆ ಕೊಡಿ ಶಿವಮ್ಮೋರೆ."

"ಬ್ಯಾಡಿ."

"ಯಾಕೆ, ಮುಗ್ದೋಗುತ್ತಾ? ದೇವರ್ ವಿಷ್ಯದಲ್ಲಿ ಜಿಪುಣತನ ಬೇಡ ಕಣ್ರೀ."

ಆಗಲೇ ಹೇಳಿಬಿಡಬೇಕಿತ್ತು. ಸಾಯುವ ಹಾಗಿರುವ ಹೆಂಗಸಿಗೆ, ನಿಮಗೆ ಬೇಕಾಗಿರುವುದು ಶಾಪದ ಮಣ್ಣು ಎಂದು ಹೇಗೆ ಹೇಳುವುದು? ಅವರು ತಾವೇ ಗಂಟು ಬಿಚ್ಚಿ ಹಣೆಗೆ ಹಚ್ಚಿಕೊಂಡರು, ಸ್ವಲ್ಪ ನಾಲಿಗೆಗೂ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ವಾಂತಿ ನಿಂತಿತು. ರಸ್ತೆಯೂ ಅಲ್ಲಿಗೆ ನೆಟ್ಟಗಾಗಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಇಡೀ ಬಸ್ಸು ನನ್ನ ಸೀಟಿಗೆ ಬಂತು. ತಲೆನೋವಿನವರು, ಸೊಂಟ ನೋವಿನವರು, ಏನೂ ನೋವಿಲ್ಲದವರು. ನಾನು ಒಬ್ಬೊಬ್ಬರ ಹೆಸರನ್ನೂ ಕೇಳಿಕೊಂಡು ಕೊಟ್ಟೆ. ಕೊಡುವಾಗ ಕಣ್ಣು ಮುಚ್ಚಿ, "ಇವರ ಹೆಸರು ಇಂಥದ್ದು, ಇವರು ಕಲ್ಲು ಕಿತ್ತವರಲ್ಲ, ಇವರಿಗೆ ತಟ್ಟದಿರಲಿ" ಎಂದು ಮನಸ್ಸಿನಲ್ಲೇ ಶಿವನಿಗೆ ಹೇಳುತ್ತಿದ್ದೆ. ಅವರು ಅದನ್ನು ಭಕ್ತಿ ಎಂದುಕೊಂಡರು. ಕೆಲವರು ನನ್ನ ಕಾಲಿಗೆ ಬಿದ್ದರು. ಊರಿನಲ್ಲಿ ನನ್ನ ಕಾಲಿಗೆ ಯಾರೂ ಬೀಳುವುದಿಲ್ಲ, ಹಬ್ಬದ ದಿನ ನಿಮ್ಮನ್ನು ಎಳೆದು ಬೀಳಿಸಬೇಕು.

ಮೇಷ್ಟ್ರು ಮಾತ್ರ ಹಚ್ಚಿಕೊಳ್ಳಲಿಲ್ಲ. "ಮೂಢನಂಬಿಕೆ," ಎಂದು ಕಿಟಕಿಯ ಕಡೆ ತಿರುಗಿದರು. ನನಗೆ ಅವರ ಮೇಲೆ ಬಹಳ ಗೌರವ ಬಂತು.

ಪೊಖರಾ

ಹೋಟೆಲಿಗೆ ಹೋದ ಮೇಲೆ ನಾನು ಎಲ್ಲರ ಮುಖವನ್ನೂ ಗಮನಿಸುತ್ತಿದ್ದೆ. ಯಾರಿಗೆ ಏನಾಗುತ್ತದೋ ಎಂದು ಊಟವೇ ಸೇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಹಚ್ಚಿಕೊಳ್ಳದ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದರು. ಕಾಲು ಉಳುಕಿತು. ನಾಗರತ್ನಮ್ಮ ಹೋಗಿ ಅವರನ್ನು ಹೇಗೆ ನೋಡಿದರೋ, ಮೇಷ್ಟ್ರು ಕುಂಟಿಕೊಂಡು ಬಂದು, "ಅಮ್ಮಾ, ಒಂಚೂರು ಉಳಿದಿದ್ಯ?" ಎಂದು ಕೇಳಿದರು.

ಪೊಖರಾದಲ್ಲಿ ಹಿಮದ ಬೆಟ್ಟ ಕಾಣುತ್ತದೆ ಎಂದು ಕರೆದುಕೊಂಡು ಹೋಗಿದ್ದರು. ಮೋಡ ಕಾಣಿಸಿತು. ಎಲ್ಲರೂ ಮೋಡದ ಕಡೆ ಕ್ಯಾಮೆರಾ ಹಿಡಿದು ಕಾದರು. ಮೋಡ ಸ್ವಲ್ಪ ಸರಿದಾಗ ನಾನು ನೋಡಿದೆ. ಬೆಟ್ಟ ನಾನು ನೋಡುತ್ತಿದ್ದ ಜಾಗದಲ್ಲಿರಲಿಲ್ಲ, ಅದಕ್ಕಿಂತ ಬಹಳ ಮೇಲೆ, ಆಕಾಶ ಎಂದುಕೊಂಡಿದ್ದ ಜಾಗದಲ್ಲಿತ್ತು. ಚೆನ್ನಾಗಿತ್ತು. ಆದರೆ ನಮ್ಮ ಬೆಟ್ಟದಪುರದ ಬೆಟ್ಟ ಎಲ್ಲಿರಬೇಕೋ ಅಲ್ಲೇ ಇರುತ್ತದೆ, ಯಾವ ಹೊತ್ತಿಗೆ ಹೋದರೂ ಕಾಣುತ್ತದೆ.

ಹೋಟೆಲಿನ ಅಡುಗೆಮನೆಯ ಯಜಮಾನಿ ನನ್ನ ವಯಸ್ಸಿನವಳು. ನನ್ನನ್ನು "ಆಮಾ" ಎಂದು ಕರೆಯುತ್ತಿದ್ದಳು. ಬೆಳಿಗ್ಗೆ ಅನ್ನ ಬೇಳೆ, ಸಂಜೆ ಅನ್ನ ಬೇಳೆ ತಿಂದು ನಾನು ಸಪ್ಪಗಾದದ್ದು ಅವಳಿಗೆ ಕಂಡಿರಬೇಕು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಲೆಯ ಮೇಲೆ ಕರಿಯ ಹಿಟ್ಟು ಕುದಿಯುತ್ತಿತ್ತು. ವಾಸನೆಗೇ ಗೊತ್ತಾಯಿತು, ರಾಗಿ! ಅವರು ಅದಕ್ಕೆ ಢಿಂಡೋ ಎನ್ನುತ್ತಾರೆ. ತಿರುವುತ್ತಾರೆ, ಆದರೆ ಉಂಡೆ ಕಟ್ಟುವುದಿಲ್ಲ. ತಟ್ಟೆಗೆ ಹಾಗೇ ಸುರಿದುಬಿಡುತ್ತಾರೆ. ನಾನು ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ತೋರಿಸಿದೆ. ಅವಳು ಸುತ್ತಲೂ ತಿರುಗಿಸಿ ನೋಡಿ, ಮನೆಯವರನ್ನೆಲ್ಲ ಕರೆದು ತೋರಿಸಿ, ಮತ್ತೆ ಚಪ್ಪಟೆ ಮಾಡಿ ತಿಂದಳು.

ನಾನು ಕನ್ನಡದಲ್ಲಿ, ಅವಳು ಅವಳ ಭಾಷೆಯಲ್ಲಿ ಬಹಳ ಮಾತಾಡಿದೆವು. ನನ್ನ ಬರಿಯ ಕೈಗಳನ್ನು ನೋಡಿ, ನಿನ್ನ ಯಜಮಾನ ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದಳು. ನಾನು ನೆಲ ತೋರಿಸಿದೆ. ಅವಳು ತನ್ನವನಿಗೆ ಆಕಾಶ ತೋರಿಸಿದಳು. ನಮ್ಮಲ್ಲಿ ಮಣ್ಣು, ಅವರಲ್ಲಿ ಹೊಗೆ. ಇಬ್ಬರೂ ತಲೆಯಾಡಿಸಿದೆವು.

ಮರುದಿನ ಕಠ್ಮಂಡುವಿಗೆ ಹೊರಡುವಾಗ ಅವಳು ಎಲೆಯಲ್ಲಿ ಸುತ್ತಿದ ಸ್ವಲ್ಪ ಅಕ್ಕಿ ತಂದು ನನ್ನ ಕೈಗಿಟ್ಟಳು. "ಪಶುಪತಿನಾಥ್," ಎಂದಳು. ಮತ್ತೆ ಏನೇನೋ ಹೇಳಿದಳು, ಕೊನೆಗೆ ಕಣ್ಣೊರೆಸಿಕೊಂಡಳು. ಹೋಗುವವರ ಮೇಲೆ ಬೇಡಿಕೆ ಹೊರಿಸುವುದು ನಮ್ಮ ಹುಣಸೂರಿನಲ್ಲಿ ಮಾತ್ರ ಎಂದುಕೊಂಡಿದ್ದೆ. ಅವಳದು ಏನು ಕೋರಿಕೆಯೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಹೊತ್ತಿದ್ದರಲ್ಲಿ ಅತ್ಯಂತ ಹಗುರವಾಗಿದ್ದದ್ದು ಅದೊಂದೇ.

ಕಠ್ಮಂಡು

ಪಶುಪತಿನಾಥನ ಗುಡಿಯಲ್ಲಿ ಚರ್ಮದ ವಸ್ತು ಒಳಗೆ ಬಿಡುವುದಿಲ್ಲ. ಮಣ್ಣಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಬಾಗಿಲಲ್ಲಿ ಹಿತ್ತಾಳೆಯ ದೊಡ್ಡ ಬಸವ ಕೂತಿದೆ. ಅದರ ಹಿಂದೆ ನಿಂತರೆ ಬಸವನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಜನ ಮಾತ್ರ ಎಷ್ಟು ಒಳ್ಳೆಯವರು, ತಳ್ಳುವಾಗಲೂ ನಗುತ್ತಾ ತಳ್ಳುತ್ತಾರೆ.

ಅಲ್ಲಿನ ಲಿಂಗಕ್ಕೆ ನಾಲ್ಕು ಮುಖ, ಗುಡಿಗೆ ನಾಲ್ಕು ಬಾಗಿಲು ಎಂದು ಮೇಷ್ಟ್ರು ಬಸ್ಸಿನಲ್ಲೇ ಹೇಳಿದ್ದರು. ಅದನ್ನು ಕೇಳಿದಾಗ ನನ್ನ ಎದೆಯ ಮೇಲಿಂದ ಒಂದು ಭಾರ ಇಳಿಯಿತು. ತಮ್ಮನಿಗಾಗಿ ಬೇಡುವುದನ್ನೂ ತಮ್ಮನ ಮೇಲಿನ ದೂರನ್ನೂ ಒಂದೇ ಮುಖಕ್ಕೆ ಹೇಗೆ ಹೇಳುವುದು ಎಂಬುದೇ ನನ್ನ ಚಿಂತೆಯಾಗಿತ್ತು. ಈಗ ಒಂದನ್ನು ಒಂದು ಬಾಗಿಲಲ್ಲಿ ಹೇಳಬಹುದು, ಇನ್ನೊಂದನ್ನು ಬೇರೆ ಬಾಗಿಲಲ್ಲಿ. ಎದುರು ಮನೆಯ ಅತ್ತೆ ಸೊಸೆಗೂ ಅನುಕೂಲ.

ಮೊದಲ ಬಾಗಿಲಲ್ಲಿ ಮಂಡಿ ನೋವು, ಹೊಗೆಸೊಪ್ಪು ಮತ್ತು ಅತ್ತೆಯನ್ನು ಮುಗಿಸಿದೆ. ಎರಡನೆಯದರಲ್ಲಿ ಸೊಸೆಯ ಮಾತು ಹೇಳಿ, ಪೊಖರಾದವಳ ಅಕ್ಕಿ ಹಾಕಿದೆ. "ಇವಳು ಏನು ಕೇಳಿದಳೋ ಅದು" ಎಂದೆ. ಮೂರನೆಯ ಬಾಗಿಲಲ್ಲಿ ಬಸವರಾಜುವಿನ ಮಗಳಿಗೆ ಮಗು ಬೇಡಿದೆ. ನನ್ನ ಕಣ್ಣಲ್ಲೂ ನೀರು ಬಂತು.

ನಾಲ್ಕನೆಯ ಬಾಗಿಲಿಗೆ ಬಂದು ಗಂಟು ಬಿಚ್ಚಿದೆ. ಮಣ್ಣು ಒಂದು ಚಿಟಿಕೆ ಉಳಿದಿತ್ತು. ಮನಸ್ಸಿನಲ್ಲಿ ಹೇಳಲು ನೋಡಿದೆ, ಮನಸ್ಸು ಒಪ್ಪಲಿಲ್ಲ. ಬಾಯಲ್ಲಾದರೂ ಹೇಳಿಬಿಡೋಣ, ಈ ದೇಶದಲ್ಲಿ ನನ್ನ ಮಾತು ಯಾರಿಗೆ ತಿಳಿಯುತ್ತದೆ ಎಂದುಕೊಂಡು ಗಟ್ಟಿಯಾಗಿಯೇ ಶುರುಮಾಡಿದೆ. "ಸ್ವಾಮಿ, ಕಲ್ಲು ಕಿತ್ತವನ ಮನೆ..." ಎನ್ನುವಷ್ಟರಲ್ಲಿ ಒಳಗಿಂದ ಪೂಜೆಯವರು ಹೂವಿನ ತಟ್ಟೆ ಹಿಡಿದು ಬಾಗಿಲಿಗೆ ಬಂದರು.

"ಯಾರ ಮನೆ ಎಂತ ಆಗ್ಬೇಕು ಅಮ್ಮಾ?" ಎಂದು ಕೇಳಿದರು. ಕನ್ನಡದಲ್ಲಿ.

ಆ ಗುಡಿಯ ಪೂಜೆಗೆ ತಲೆತಲಾಂತರದಿಂದ ದಕ್ಷಿಣದವರೇ ಹೋಗುತ್ತಾರಂತೆ, ನಮ್ಮ ಕರಾವಳಿಯವರೂ ಇರುತ್ತಾರಂತೆ. ಮೇಷ್ಟ್ರು ಇದನ್ನು ಆಮೇಲೆ ಹೇಳಿದರು. ಮೊದಲೇ ಹೇಳಿದ್ದರೆ ನಾನು ಆ ಬಾಗಿಲಲ್ಲಿ ಬಾಯಿ ಬಿಡುತ್ತಿರಲಿಲ್ಲ.

"ನೀವು ಕನ್ನಡದವರಾ?" ಎಂದೆ.

"ಹೌದು. ಹೆಸರು ಹೇಳಿ ಅಮ್ಮ, ಹಿಂದೆ ಜನ ಉಂಟು."

ಪೂಜೆಗೆ ಮೊದಲು ಯಾರ ಹೆಸರಿನಲ್ಲಿ ಮಾಡುವುದು ಎಂದು ದೇವರಿಗೆ ತಿಳಿಸುತ್ತಾರೆ, ಅದೇ ಸಂಕಲ್ಪ. ಹೆಸರು ಕೇಳಿದ್ದು ಅದಕ್ಕೆ. ಹೆದರಿಕೆಯಲ್ಲಿ ನನಗೆ ಎರಡು ಹೆಸರೂ ಒಟ್ಟಿಗೆ ಬಂದವು.

"ಗೌರಮ್ಮ, ಬಸವರಾಜು."

"ಗಂಡ ಹೆಂಡತಿಯಾ?"

"ಅಲ್ಲ ಸ್ವಾಮಿ. ವಾದಿ, ಪ್ರತಿವಾದಿ."

ಅವರು ಹೂವು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. "ಗೋತ್ರ?"

"ಗೊತ್ತಿಲ್ಲ. ಒಂದೇ ಮನೆ."

"ಒಂದೇ ಮನೆಗೆ ಎರಡೆರಡು ಸಂಕಲ್ಪ ಯಾಕೆ? ಒಟ್ಟಿಗೇ ಮಾಡ್ತೇನೆ," ಎಂದು ಮಂತ್ರ ಶುರುಮಾಡಿದರು. ಸಂಸ್ಕೃತ ನನಗೆ ಬರುವುದಿಲ್ಲ. ಮಧ್ಯದಲ್ಲಿ ಗೌರಮ್ಮ ಎಂದದ್ದು ಕೇಳಿಸಿತು, ಬಸವರಾಜ ಎಂದದ್ದು ಕೇಳಿಸಿತು, 'ಸಹಕುಟುಂಬಾನಾಂ' ಎಂದದ್ದು ಕೇಳಿಸಿತು. ಅಷ್ಟು ತಿಳಿಯಿತು.

"ಸ್ವಾಮಿ, ಈ ಮಣ್ಣು?"

"ಒಳಗೆ ಮಣ್ಣು ಹಾಕ್ಲಿಕ್ಕಿಲ್ಲ ಅಮ್ಮ. ಹೊರಗೆ ಹೊಳೆ ಉಂಟಲ್ಲ, ಅಲ್ಲಿ ಬಿಡಿ." ಹೀಗೆಂದು ಗಂಧ ಹಚ್ಚಿದ ಒಂದು ರುದ್ರಾಕ್ಷಿ ಮಾಲೆಯನ್ನು ನನ್ನ ಕೈಗೆ ಹಾಕಿದರು.

"ಸ್ವಾಮಿ, ಇನ್ನೊಂದು ಕೊಡ್ತೀರಾ? ಎರಡು ಮನೆಗೆ ಬೇಕು."

"ಸಂಕಲ್ಪ ಒಂದೇ ಅಲ್ವಾ ಅಮ್ಮ, ಪ್ರಸಾದವೂ ಒಂದೇ," ಎಂದರು. ಹಿಂದಿನವರು ನಗುತ್ತಾ ನನ್ನನ್ನು ತಳ್ಳಿಬಿಟ್ಟರು.

ಹೊರಗೆ ಬಂದಾಗ ಮೇಷ್ಟ್ರು ಕಟ್ಟೆಯ ಮೇಲೆ ಕಾಲು ಒತ್ತಿಕೊಳ್ಳುತ್ತಾ ಕೂತಿದ್ದರು. ಅವರ ಹಣೆಯಲ್ಲಿ ನಮ್ಮ ಹೊಲದ ಮಣ್ಣಿತ್ತು. "ಅಮ್ಮಾ, ಒಂದು ಹೇಳೋದು ಮರೆತೆ," ಎಂದರು. "ಆ ಲಿಂಗಕ್ಕೆ ಮೇಲಕ್ಕೂ ಒಂದು ಮುಖ ಇದೆ ಅಂತ ನಂಬಿಕೆ. ಅದು ನಾಲ್ಕೂ ಕಡೆಯದನ್ನ ಕೇಳಿಸ್ಕೊಳ್ಳುತ್ತಂತೆ."

ಆ ಮುಖವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬಾಗ್ಮತಿ

ಗುಡಿಯ ಹಿಂದೆ ಹರಿಯುವ ಹೊಳೆ ಬಾಗ್ಮತಿ. ದೊಡ್ಡದಲ್ಲ. ನಮ್ಮ ಲಕ್ಷ್ಮಣತೀರ್ಥದಷ್ಟೇ. ದಂಡೆಯ ಮೇಲೆ ಕಟ್ಟೆಗಳಿವೆ, ಕಟ್ಟೆಗಳ ಮೇಲೆ ಹೆಣ ಸುಡುತ್ತಾರೆ. ಈಚೆ ದಂಡೆಯ ಮೆಟ್ಟಿಲಲ್ಲಿ ಜನ ಕೂತು ಕಡಲೆಕಾಯಿ ತಿನ್ನುತ್ತಾ ನೋಡುತ್ತಾರೆ. ಕೋತಿಗಳೂ ನೋಡುತ್ತವೆ. ಯಾರೂ ಗಟ್ಟಿಯಾಗಿ ಅಳುವುದಿಲ್ಲ. ಬೂದಿಯನ್ನು ಹೊಳೆಗೆ ತಳ್ಳಿ, ಕಟ್ಟೆ ತೊಳೆದು, ಮುಂದಿನವರಿಗೆ ಜಾಗ ಬಿಡುತ್ತಾರೆ. ಒಬ್ಬರಿಗೂ ತಮ್ಮದು ಎಂದು ಒಂದು ಗೇಣು ಜಾಗ ಉಳಿಯುವುದಿಲ್ಲ.

ನಮ್ಮಲ್ಲಿ ಹಾಗಲ್ಲ. ಮನುಷ್ಯ ಕೂತರೆ ಎಷ್ಟು ಜಾಗ ಬೇಕೋ ಅಷ್ಟು ತೋಡುತ್ತಾರೆ. ಅಣ್ಣನಿಗೆ ತೋಡಿದಾಗ ಗುದ್ದಲಿ ಹಿಡಿದವನು ಬಸವರಾಜು. ಬೇರೆಯವರಿಗೆ ಮುಟ್ಟಲು ಬಿಟ್ಟಿರಲಿಲ್ಲ. ಅಣ್ಣ ಎತ್ತರದ ಆಳು, ಕೂತಾಗ ತಲೆ ತಾಗಬಾರದು ಎಂದು ಅಳುತ್ತಲೇ ಇನ್ನೂ ಆಳ ತೋಡಿದ್ದ. ಮೆಟ್ಟಿಲ ಮೇಲೆ ಕೂತಾಗ ಅದು ನೆನಪಾಯಿತು. ಕಲ್ಲು ಕಿತ್ತದ್ದೂ ಅದೇ ಕೈ.

ಗಂಟು ಬಿಚ್ಚಿದೆ. ಹುಣಸೂರಿನಿಂದ ಅಲ್ಲಿಯವರೆಗೆ ನಾನು ಅದನ್ನು ಶಾಪ ಎಂದು ಹೊತ್ತಿದ್ದೆ. ಆಗ ನೋಡಿದರೆ ಅದು ಅಣ್ಣನ ಮಣ್ಣು. ಬದುಕಿದ್ದಾಗ ಅವನು ಯಾರ ಮನೆಗೆ ಹೋದರೂ ಅಲ್ಲಿನ ಹುಷಾರಿಲ್ಲದವರ ಹಣೆ ಮುಟ್ಟಿ ನೋಡದೆ ಬರುತ್ತಿರಲಿಲ್ಲ. ಪಿರಿಯಾಪಟ್ಟಣ ದಾಟಿ ಹೆಚ್ಚು ದೂರ ಹೋದವನೂ ಅಲ್ಲ. ಈಗ ಒಂದು ಬಸ್ಸು ಜನರ ಹಣೆ ಮುಟ್ಟಿಕೊಂಡು ನೇಪಾಳದವರೆಗೆ ಬಂದಿದ್ದ. ನಾಗರತ್ನಮ್ಮ ಪೊಲೀಸಿನವನಿಗೆ ಹೇಳಿದ್ದು ಅಷ್ಟೇನೂ ಸುಳ್ಳಲ್ಲ.

"ಅಣ್ಣ, ನಿನ್ನ ಹೆಂಡತಿಗೆ ನ್ಯಾಯ ಆಗ್ಬೇಕು. ನಿನ್ನ ತಮ್ಮನ ಮನೆ ಉಳೀಬೇಕು. ಎರಡನ್ನೂ ಹೇಗೆ ಮಾಡೋದು ಅಂತ ನನಗೆ ಗೊತ್ತಿಲ್ಲ. ನೀನೂ ಶಿವನೂ ಮಾತಾಡ್ಕೊಳ್ಳಿ," ಎಂದು ಚಿಟಿಕೆ ಮಣ್ಣನ್ನು ನೀರಿಗೆ ಬಿಟ್ಟೆ. ತೂರಲಿಲ್ಲ. ಬಿಟ್ಟೆ.

ತವರು

ಬಂದವಳೇ ಮೊದಲು ತವರಿಗೆ ಹೋದೆ. ಅತ್ತಿಗೆಯನ್ನೂ ಬಸವರಾಜುವನ್ನೂ ಹೊಂಗೆ ಮರದ ಹತ್ತಿರ ಬರಹೇಳಿದೆ. ಇಬ್ಬರೂ ಬಂದು ಕಲ್ಲಿನ ಆಚೆ ಒಬ್ಬರು, ಈಚೆ ಒಬ್ಬರು ನಿಂತರು. ಮಾತು ಬಿಟ್ಟವರು, ಹಾಗಾಗಿ ಎಲ್ಲವನ್ನೂ ನನಗೇ ಹೇಳಿದರು.

"ತೂರ್ದಾ?" ಎಂದರು ಅತ್ತಿಗೆ.

"ತೂರಲಿಲ್ಲ. ಬಸ್ಸಿನೋರು ಹಣೆಗೆ ಹಚ್ಕೊಂಡ್ರು. ಒಬ್ರಿಗೆ ವಾಂತಿ ನಿಂತೋಯ್ತು."

ಅತ್ತಿಗೆ ಸಮಾಧಿಯ ಕಡೆ ನೋಡಿ, "ಬದುಕಿದ್ದಾಗ್ಲೂ ಇಂಗೇ. ಯಾವ್ ಕೆಲಸಕ್ ಕಳ್ಸುದ್ರೂ ಬ್ಯಾರೆ ಏನಾರ ಮಾಡ್ಕೊಂಡ್ ಬರೋರು," ಎಂದರು.

"ಏನ್ ಮಣ್ಣಕ್ಕ?" ಎಂದ ಬಸವರಾಜು.

ಹೇಳಿದೆ. ಅವನ ಹೆಗಲ ಮೇಲೆ ಬಸ್ ಸ್ಟ್ಯಾಂಡಿನವರೆಗೆ ಬಂದದ್ದು ಅದೇ ಎಂದೂ ಹೇಳಿದೆ. ಅವನು ಹೆಗಲು ಮುಟ್ಟಿ ನೋಡಿಕೊಂಡ. ಆಮೇಲೆ ಸಂಕಲ್ಪದ ವಿಷಯ ಹೇಳಿ, ಮಾಲೆ ತೆಗೆದೆ. "ಇಬ್ರ ಹೆಸ್ರೂ ಒಟ್ಟಿಗೆ ಬಿತ್ತು. ಅರ್ಜಿ ಒಂದೇ, ಪ್ರಸಾದನೂ ಒಂದೇ."

ಬಸವರಾಜುವಿನ ಮುಖ ಇಳಿಯಿತು. "ಅಂಗಂದ್ರೆ... ಅವ್ರ ದೂರು ತೀರೋಗಂಟ ನನ್ ಮಗಳ ಇಚಾರನೂ ನಿಂತಿರ್ತದಾ?"

"ಅದು ನಂಗ್ ಗೊತ್ತಿಲ್ಲ ಕಣಪ್ಪ. ಅರ್ಜಿ ಒಂದೇ, ಅಷ್ಟೆ."

"ಶಿವಮ್ಮ, ನಿನ್ ತಮ್ಮಂಗೆ ಏಳು," ಎಂದರು ಅತ್ತಿಗೆ, "ಮಾಲೆ ನನ್ ಮನೇಲಿರ್ಲಿ."

"ಅಕ್ಕ, ಅವ್ರಿಗೆ ಏಳು, ನನ್ ಮನೇಲಿ ದಿನಾ ಪೂಜೆ ನಡೀತದೆ."

"ದಿನಾ ಪೂಜೆ ಮಾಡೋನೇ ಕಲ್ಲು ಕೀಳೋದು ಅಂತ ಏಳು."

ನನಗೆ ನಡುವೆ ನಿಂತು ಸಾಕಾಯಿತು. "ಕಲ್ಲಿನ ಮೇಲೇ ಹಾಕ್ಬುಡ್ತೀನಿ. ಕಲ್ಲು ಇಬ್ರಿಗೂ ಸೇರಿದ್ದು," ಎಂದು ಬಗ್ಗಿದೆ. ಮಾಲೆ ಬಿದ್ದ ಕಲ್ಲು ಶಿವ. ಆಮೇಲೆ ಅದನ್ನು ಯಾರೂ ಅಲ್ಲಾಡಿಸುವ ಹಾಗಿಲ್ಲ. ಅದು ನನಗೆ ಬಗ್ಗುವಾಗ ಹೊಳೆದಿರಲಿಲ್ಲ. ಅವರಿಬ್ಬರಿಗೂ ಹೊಳೆಯಿತು.

"ಇಲ್ ಬ್ಯಾಡ!" ಎಂದರು ಅತ್ತಿಗೆ.

"ಇಲ್ ಬ್ಯಾಡ ಕಣಕ್ಕ!" ಎಂದ ಬಸವರಾಜು.

ಒಂದು ವರ್ಷದಲ್ಲಿ ಇಬ್ಬರೂ ಒಂದೇ ಮಾತು ಹೇಳಿದ್ದು ಅದೇ ಮೊದಲು. ಅತ್ತಿಗೆ ಮೈದುನನ ಮುಖವನ್ನೇ ನೋಡಿದರು. ಅವನು ನೆಲ ನೋಡಿದ. "ದೇವ್ರನ್ನ ತಪ್ಪು ಜಾಗದಲ್ಲಿ ಕೂರ್ಸಬಾರ್ದು," ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಒಸಿ ದಿನ ನಿನ್ ತಾವೇ ಇರ್ಲಿ ಬುಡಕ್ಕ."

ಮಾಲೆ ಈಗ ನಮ್ಮ ಮನೆಯ ದೇವರ ಗೂಡಿನ ಮೊಳೆಯಲ್ಲಿ ತೂಗುತ್ತಿದೆ. ಅದೇನು ಎಂದು ನೀವು ಕೇಳುತ್ತಿರುತ್ತೀರಲ್ಲ, ಅದು ಇದು.

ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಕಲ್ಲು ಒಂದು ಮಾರು ವಾಪಸ್ ಬಂದಿತ್ತು. ಯಾರು ಸರಿಸಿದರೋ ಯಾರೂ ನೋಡಿಲ್ಲ. ಟ್ರ್ಯಾಕ್ಟರ್ ತಗುಲಿ ಜರುಗಿರಬೇಕು ಎಂದ ಬಸವರಾಜು. ಸಂಕ್ರಾಂತಿಯ ಹೊತ್ತಿಗೆ ಇನ್ನೂ ಸ್ವಲ್ಪ ಬಂದಿತ್ತು. ಟ್ರ್ಯಾಕ್ಟರ್ ಈಗ ಯಾವಾಗಲೂ ಒಂದೇ ಕಡೆಯಿಂದ ತಗುಲುತ್ತದೆ. ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಕಿಂಡಿಯಾಗಿದೆ. ಅತ್ತಿಗೆ ಅದರಲ್ಲೇ ಹೋಗಿ ದೀಪ ಹಚ್ಚುತ್ತಾರೆ. ಬಸವರಾಜುವಿನ ಮಗಳಿಂದ ಇನ್ನೂ ಸುದ್ದಿ ಬಂದಿಲ್ಲ. ಅವಳ ಹೆಸರಲ್ಲಿ ಅತ್ತಿಗೆ ಈಗ ಸೋಮವಾರ ಒಪ್ಪೊತ್ತು ಇರುತ್ತಾರೆ ಎಂದು ಬೇರೆಯವರಿಂದ ತಿಳಿಯಿತು. ಕೇಳಿದರೆ, "ಅರ್ಜಿ ಒಂದೇ ಅಂದ್ಯಲ್ಲ, ನಂದು ಬೇಗ ಆಗ್ಲಿ ಅಂತ ಕಣೆ," ಎಂದರು.

ಅಣ್ಣನ ಸಮಾಧಿ ದಾಟಲು ಕಲ್ಲಿಗೆ ಇನ್ನು ಒಂದು ಮಾರು ಬಾಕಿ ಇದೆ. ಬರುತ್ತದೆ, ನನಗೆ ನಂಬಿಕೆ ಇದೆ. ಅದು ತನ್ನ ಜಾಗಕ್ಕೆ ಬಂದ ದಿನ ನಾನಿದ್ದರೆ ಮಾಲೆಯನ್ನು ನಾನೇ ಹಾಕುತ್ತೇನೆ. ಇಲ್ಲದಿದ್ದರೆ ನೀವು ಹೋಗಿ ಹಾಕಿ. ಹಾಕುವ ಮುಂಚೆ ಅತ್ತಿಗೆಯನ್ನು ಕರೆದುಕೊಂಡು ಹೋಗಿ, ಹೊಂಗೆ ಮರದಿಂದ ಒಂದು ಸಲ ಅಳೆದು ನೋಡಿ. ಬಸವರಾಜು ನನ್ನ ತಮ್ಮ, ನನಗೆ ಗೊತ್ತು.